ಗಿಳಿಗೊಂದು ಮನೆ ಕಟ್ಟುವ ಮುನ್ನ



ಬೇಸಿಗೆಯ ರಜೆ ಸಮೀಪಿಸಿತೆಂದರೆ ಮನೆಗಳಲ್ಲಿ ಮಕ್ಕಳ ಬೇಡಿಕೆಗಳ ಪಟ್ಟಿಯೂ ಬೆಳೆಯತೊಡಗುತ್ತದೆ. ಶಿರಾದಲ್ಲಿರುವ ನನ್ನ ಮೊಮ್ಮಗ ಈ ಸಲ ದೂರವಾಣಿಯಲ್ಲಿ ತನ್ನ ಬೇಡಿಕೆಯನ್ನು ಒಂದೇ ಉಸಿರಿನಲ್ಲಿ ಮುಂದಿಟ್ಟ. "ಅಜ್ಜಿ, ನಂಗೆ ಸೈಕಲ್ ಬೇಡ, ಬಟ್ಟೇನೂ ಬೇಡ. ಒಂದು ಗಿಣಿ ಬೇಕು. ಹಸಿರು ಗಿಣಿ. ಮಾತಾಡ್ಬೇಕು ಅದು. ಪಂಜರ ನೀನು ಕೊಡಿಸ್ಬೇಕು." ಆಗಲಿ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ, ಬೇಡವೆನ್ನಲು ಮನಸ್ಸಾಗಲಿಲ್ಲ. "ಮುಂದಿನ ವಾರ ಬರ್ತೀನಿ ಕಂದ, ಬಂದು ಮಾತಾಡೋಣ" ಎಂದಷ್ಟೇ ಹೇಳಿ ದೂರವಾಣಿಯನ್ನು ಕೆಳಗಿರಿಸಿದೆ. ಆ ಒಂದು ವಾರ ನಾನು ಯೋಚಿಸಿದ್ದು, ವಿಚಾರಿಸಿದ್ದು, ಕೊನೆಗೆ ನಾವಿಬ್ಬರೂ ಕೂಡಿ ಮಾಡಿದ್ದು, ಇವೇ ಈ ತಿಂಗಳ ಅಂಕಣದ ವಿಷಯ.

ನನ್ನ ಹಿಂಜರಿಕೆಗೆ ಒಂದು ಹಳೆಯ ಕಾರಣವಿದೆ. ಮಧುಗಿರಿ ಬೆಟ್ಟದ ನೆರಳಿನ ಹಳ್ಳಿಯೊಂದರಲ್ಲಿ ನಮ್ಮ ತಾಯಿಯ ತವರುಮನೆ. ಆಗ ನನಗೆ ಒಂಬತ್ತು ವರ್ಷ. ಹೊಲದಂಚಿನ ಹಳೆಯ ಹೊಂಗೆಮರದ ಪೊಟರೆಯಿಂದ ಸೋದರಮಾವ ರೆಕ್ಕೆ ಬಲಿಯದ ಮರಿಯೊಂದನ್ನು ತಂದಿದ್ದರು. ತಂತಿಯ ಗುಂಡಗಿನ ಪಂಜರ. ಅದರ ನಡುವೆ ಒಂದು ಕೋಲು. ಒಂದು ತಗಡಿನ ಬಟ್ಟಲು. ಗಿಳಿ ರೆಕ್ಕೆ ಬಿಚ್ಚಿದರೆ ಎರಡೂ ಕಡೆ ತಂತಿ ತಾಗುತ್ತಿತ್ತು. "ಯಾರ್ ಬಂದ್ರು? ಕೂತ್ಕೊಳ್ಳಿ" ಎಂದು ಅದು ಬಂದವರನ್ನು ಉಪಚರಿಸುತ್ತಿತ್ತು. ಇಳಿಹೊತ್ತಿನಲ್ಲಿ ಕಾಡುಗಿಳಿಗಳ ಹಿಂಡು ಕೂಗುತ್ತ ಬೆಟ್ಟದ ಕಡೆಗೆ ಹಾರಿಹೋಗುವಾಗ ಮಾತ್ರ ಅದು ಕಲಿತ ಮಾತನ್ನೆಲ್ಲ ಮರೆತು ತನ್ನದೇ ದನಿಯಲ್ಲಿ ಕೂಗುತ್ತಿತ್ತು. ನಾವು ಮಕ್ಕಳು ಅದನ್ನು ಕಂಡು ನಗುತ್ತಿದ್ದೆವು.

ಬೆಳಗಿನ ಎಳೆಬಿಸಿಲಿಗೆ ಪಂಜರವನ್ನು ಜಗಲಿಯ ಮೊಳೆಗೆ ತೂಗುಹಾಕುವುದೂ, ಬಿಸಿಲೇರುವ ಮೊದಲು ಒಳಗೆ ತಂದಿಡುವುದೂ ನನಗೆ ವಹಿಸಿದ ಕೆಲಸ. ಏಪ್ರಿಲ್ ತಿಂಗಳ ಒಂದು ದಿನ ಆಟದ ಗುಂಗಿನಲ್ಲಿ ನಾನು ಅದನ್ನು ಮರೆತೆ. ಮಧ್ಯಾಹ್ನ ಊಟಕ್ಕೆ ಬಂದು ನೋಡಿದಾಗ ಗಿಳಿ ಪಂಜರದ ತಳದಲ್ಲಿ ಕೊಕ್ಕು ತೆರೆದು ಮಲಗಿತ್ತು. ನೀರು ಚಿಮುಕಿಸಿದರು, ಗಾಳಿ ಬೀಸಿದರು; ಅದು ಏಳಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ಅಜ್ಜಿ ಪಂಜರವನ್ನು ತೊಳೆದು ಅಟ್ಟಕ್ಕೆ ಹಾಕಿಸಿದರು. ರಾತ್ರಿ ಮಲಗುವಾಗ ನನ್ನ ತಲೆ ಸವರುತ್ತ, "ಮರೆತಿದ್ದು ನೀನು ಮಗಾ, ಆದ್ರೆ ನೆರಳು ಹುಡುಕ್ಕೊಂಡು ಹೋಗೋ ಹಕ್ಕೀನ ಹೋಗ್ದಂಗೆ ಕೂಡಿಟ್ಟೋರು ನಾವೆಲ್ಲ" ಎಂದರು. ಆ ಮಾತಿನ ಅರ್ಥ ನನಗೆ ತಿಳಿಯಲು ಬಹಳ ವರ್ಷಗಳು ಬೇಕಾದವು. ಪಂಜರವೆಂದರೆ ನೆರಳು, ನೀರು, ಆಹಾರಗಳನ್ನು ತಾನೇ ಅರಸಿಕೊಳ್ಳುವ ಸ್ವಾತಂತ್ರ್ಯವನ್ನು ಒಂದು ಜೀವದಿಂದ ಕಸಿದುಕೊಂಡು, ಆ ಹೊಣೆಯನ್ನೆಲ್ಲ ನಮ್ಮ ಮೇಲೆ ಹೊತ್ತುಕೊಳ್ಳುವುದು. ಈ ಹೊಣೆಯನ್ನು ಹೊರಲು ಸಿದ್ಧರಿರುವವರು ಮಾತ್ರ ಮುಂದಿನ ಪುಟಗಳನ್ನು ಓದಬೇಕೆಂದು ನನ್ನ ವಿನಂತಿ.

ಯಾವ ಗಿಳಿ?

ಪಂಜರವನ್ನು ಆರಿಸುವ ಮೊದಲು ಅದರೊಳಗೆ ಬರುವವರು ಯಾರೆಂಬುದು ನಿರ್ಧಾರವಾಗಬೇಕು. ನಮ್ಮ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಹೊಲಗಳಲ್ಲಿ ಜೋಳ, ಸೂರ್ಯಕಾಂತಿಗಳು ಕಾಳುಗಟ್ಟುವ ಹೊತ್ತಿಗೆ ಬಂದೆರಗುವ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಗಿಳಿಗೆ ರಕ್ಷಣೆ ನೀಡಿದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ರೂಪದಲ್ಲಿ ಅದು ಎರಡನೆಯ ಅನುಸೂಚಿಯಲ್ಲಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಜಾತ್ರೆಯಲ್ಲಿ ಗಿಳಿಶಾಸ್ತ್ರದವರ ಬಳಿ ಕಂಡೆವು, ಸಂತೆಯಲ್ಲಿ ಯಾರೋ ಗುಟ್ಟಾಗಿ ಮಾರುತ್ತಿದ್ದರು ಎಂಬುದು ಸಮರ್ಥನೆಯಾಗದು.

ದಂಡದ ಭಯಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಸಂತೆಗೆ ಬರುವ ಮರಿಗಳು ಪೊಟರೆಗಳಿಂದ ಕದ್ದು ತಂದವು. ಉಸಿರಾಡಲು ಜಾಗವಿಲ್ಲದ ಬುಟ್ಟಿಗಳಲ್ಲಿ, ಚೀಲಗಳಲ್ಲಿ ಸಾಗುವಾಗ ದಾರಿಯಲ್ಲೇ ಸಾಯುವವು ಎಷ್ಟೋ. ನಮ್ಮ ಮನೆಗೆ ಬರುವ ಒಂದು ಗಿಳಿಯ ಹಿಂದೆ ಕಣ್ಣಿಗೆ ಕಾಣದ ಹಲವು ಸಾವುಗಳಿರುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ಜಿಗಿಯುವ ಕೃಷ್ಣಮೃಗಗಳನ್ನು ದೂರದಿಂದ ಕಂಡು ಮಕ್ಕಳು ಸಂತೋಷಪಡುತ್ತಾರೆ. ಒಂದನ್ನು ಹಿಡಿದು ತಂದು ಹಿತ್ತಲಲ್ಲಿ ಕಟ್ಟೋಣವೆಂದು ನಾವು ಯಾರೂ ಹೇಳುವುದಿಲ್ಲ. ಅದನ್ನು ಕಾಯುವ ಕಾಯಿದೆಯೇ ಗಿಳಿಯನ್ನೂ ಕಾಯುತ್ತದೆ.

ಈಗಾಗಲೇ ಮನೆಯಲ್ಲಿ ಹಸಿರು ಗಿಳಿ ಇರುವವರು ಇದನ್ನು ಓದಿ ಗಾಬರಿಗೊಂಡು ಪಂಜರದ ಬಾಗಿಲು ತೆರೆದುಬಿಡಬಾರದು. ಮರಿಯಿಂದಲೇ ಮನುಷ್ಯರ ಕೈತುತ್ತು ತಿಂದ ಹಕ್ಕಿಗೆ ಆಹಾರ ಹುಡುಕಲೂ ಗಿಡುಗನಿಂದ ತಪ್ಪಿಸಿಕೊಳ್ಳಲೂ ಬಾರದು. ತಮ್ಮ ತಾಲ್ಲೂಕಿನ ವಲಯ ಅರಣ್ಯ ಕಚೇರಿಗೆ ಹೋಗಿ ವಿಷಯ ತಿಳಿಸಿ, ಅವರ ಮಾರ್ಗದರ್ಶನದಂತೆ ಒಪ್ಪಿಸುವುದೇ ಸರಿಯಾದ ದಾರಿ.

ಹಾಗಾದರೆ ಮಗುವಿನ ಆಸೆ? ಅದಕ್ಕೂ ದಾರಿಯಿದೆ. ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ, ಹಳದಿ, ಹಸಿರು, ನೀಲಿ, ಬಿಳಿ ಬಣ್ಣಗಳ ಪುಟ್ಟ ಹಕ್ಕಿಯೂ ಗಿಳಿಯ ಕುಲದ್ದೇ. ಅದರ ನಿಜವಾದ ಹೆಸರು ಬಡ್ಜೆರಿಗಾರ್. ಆಸ್ಟ್ರೇಲಿಯಾದ ಒಣ ಒಳನಾಡು ಅದರ ತವರು. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ಕೊಂಡೊಯ್ದ. ಅಂದಿನಿಂದ ಎಷ್ಟೋ ತಲೆಮಾರುಗಳು ಮನುಷ್ಯರ ಆಶ್ರಯದಲ್ಲೇ ಹುಟ್ಟಿ ಬೆಳೆದಿವೆ. ನಮ್ಮ ಕಾಡಿನಿಂದ ಕದ್ದುದಲ್ಲವಾದ್ದರಿಂದ ಇದನ್ನು ಸಾಕಲು ಕಾಯಿದೆಯ ಅಡ್ಡಿಯಿಲ್ಲ. ಮಕಾವ್ ಮುಂತಾದ ಕೆಲವು ವಿದೇಶಿ ಗಿಳಿಗಳನ್ನು ಸಾಕುವವರು 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. ಬಡ್ಜೆರಿಗಾರ್ ಆ ಪಟ್ಟಿಯಲ್ಲಿಲ್ಲ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು ಏಳು ಅಂಗುಲ, ತೂಕ ಮೂವತ್ತರಿಂದ ನಲವತ್ತು ಗ್ರಾಂ. ಚೆನ್ನಾಗಿ ನೋಡಿಕೊಂಡರೆ ಐದರಿಂದ ಎಂಟು ವರ್ಷ, ಕೆಲವೊಮ್ಮೆ ಹತ್ತು ವರ್ಷವೂ ಬದುಕುತ್ತದೆ. ಹಿಂಡಿನಲ್ಲಿ ಬಾಳುವ ಹಕ್ಕಿಯಾದುದರಿಂದ ಒಂಟಿಯಾಗಿ ಇಡುವುದಕ್ಕಿಂತ ಎರಡನ್ನು ಒಟ್ಟಿಗೆ ಸಾಕುವುದು ಮೇಲು.

ಪಂಜರದ ಆಕಾರ, ಅಳತೆ

ಪಂಜರವೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಮೇಲೆ ಗೋಪುರವಿರುವ ಗುಂಡಗಿನ ಪಂಜರ. ನೋಡಲು ಅಂದವಾದರೂ ಹಕ್ಕಿಯ ಬಾಳಿಗೆ ಅದು ಸಲ್ಲದು. ಹಕ್ಕಿ ಹಾರುವುದು ಅಡ್ಡಲಾಗಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ. ಗುಂಡಗಿನ ಪಂಜರ ಎಷ್ಟೇ ಎತ್ತರವಿದ್ದರೂ ಅದರಲ್ಲಿ ಉದ್ದವಿಲ್ಲ. ಮೇಲೆ ಗೋಪುರದಲ್ಲಿ ತಂತಿಗಳು ಒಂದಕ್ಕೊಂದು ಹತ್ತಿರವಾಗುತ್ತ ಹೋಗುವುದರಿಂದ ಅಲ್ಲಿ ಬೆರಳೋ ಕತ್ತೋ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಆದುದರಿಂದ ಎತ್ತರಕ್ಕಿಂತ ಉದ್ದ ಹೆಚ್ಚಿರುವ ಆಯಾಕಾರದ ಪಂಜರವನ್ನೇ ಆರಿಸಬೇಕು.

ಎರಡು ಬಡ್ಜೆರಿಗಾರ್ ಹಕ್ಕಿಗಳಿಗೆ ಕನಿಷ್ಠ ಮೂವತ್ತು ಅಂಗುಲ ಉದ್ದ, ಹದಿನೆಂಟು ಅಂಗುಲ ಅಗಲ, ಹದಿನೆಂಟು ಅಂಗುಲ ಎತ್ತರ ಇರಲಿ. ಇದು ಕನಿಷ್ಠವೇ ಹೊರತು ಸಾಕಷ್ಟಲ್ಲ. ಮನೆಯಲ್ಲಿ ಎಡೆಯಿದ್ದರೆ ಮೂರು-ನಾಲ್ಕು ಅಡಿ ಉದ್ದವಿದ್ದಷ್ಟೂ ಒಳ್ಳೆಯದು. ಈ ಹಕ್ಕಿ ರೆಕ್ಕೆ ಬಿಚ್ಚಿದರೆ ಸುಮಾರು ಒಂದಡಿಯಾಗುತ್ತದೆ. ಎರಡೂ ಹಕ್ಕಿಗಳು ಒಟ್ಟಿಗೆ ರೆಕ್ಕೆ ಬಿಚ್ಚಿದಾಗ ಯಾವುದೂ ತಂತಿಗೆ ತಾಗಬಾರದು ಎಂಬ ಒಂದು ಸೂತ್ರವನ್ನು ನೆನಪಿಟ್ಟರೆ ಸಾಕು.

ಕಂಬಿಗಳ ನಡುವಣ ಅಂತರ ಅರ್ಧ ಅಂಗುಲವನ್ನು ಮೀರಬಾರದು. ಅದಕ್ಕಿಂತ ಹೆಚ್ಚಾದರೆ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತವೆ. ಎರಡು ಬದಿಗಳಲ್ಲಾದರೂ ಕಂಬಿಗಳು ಅಡ್ಡಲಾಗಿದ್ದರೆ ಕೊಕ್ಕು-ಕಾಲುಗಳಿಂದ ಹಿಡಿದು ಹತ್ತುವುದಕ್ಕೆ ಅನುಕೂಲ. ಗಿಳಿಯ ಕುಲಕ್ಕೆ ಹತ್ತುವುದೂ ಹಾರುವಷ್ಟೇ ಪ್ರಿಯ. ತಳದಲ್ಲಿ ಹೊರಕ್ಕೆ ಎಳೆಯಬಹುದಾದ ತಟ್ಟೆ, ಕೈ ಸಲೀಸಾಗಿ ಹೋಗುವ ಬಾಗಿಲು, ಕೊಕ್ಕಿನಿಂದ ಎತ್ತಲಾಗದ ಚಿಲಕ ಇವುಗಳನ್ನು ನೋಡಿಕೊಳ್ಳಬೇಕು. ಮೇಲಕ್ಕೆ ಎಳೆದು ಬಿಡುವ ಬಾಗಿಲುಗಳಿದ್ದರೆ ಅವು ಕತ್ತಿಯಂತೆ ಕೆಳಗೆ ಬೀಳದ ಹಾಗೆ ಒಂದು ಕೊಕ್ಕೆ ಹಾಕುವುದು ಅವಶ್ಯ.

ಅಂಗಡಿಯಲ್ಲಿ ಈ ಅಳತೆ ಸಿಗದಿದ್ದರೆ ಚಿಂತೆಯಿಲ್ಲ. ನಮ್ಮ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ವೆಲ್ಡಿಂಗ್ ಅಂಗಡಿಗಳಿವೆ. ಕಬ್ಬಿಣದ ಚೌಕಟ್ಟಿಗೆ ಅರ್ಧ ಅಂಗುಲದ ಕಣ್ಣಿನ ವೆಲ್ಡ್ ಮೆಶ್ ಹಾಕಿಸಿದರೆ ಗಟ್ಟಿಮುಟ್ಟಾದ ಪಂಜರ ಸಿದ್ಧವಾಗುತ್ತದೆ. ಆದರೆ ಎರಡು ಎಚ್ಚರಿಕೆಗಳು. ಹೊಸ ಜಾಲರಿಯ ಮೇಲಿರುವ ಸತುವಿನ ಲೇಪದ ಪುಡಿ, ಚೂರುಗಳು ಹಕ್ಕಿಯ ಹೊಟ್ಟೆಗೆ ಹೋದರೆ ವಿಷ. ಜಾಲರಿಯನ್ನು ವಿನೆಗರ್ ಬೆರೆಸಿದ ನೀರಿನಿಂದ ಬ್ರಷ್ ಹಾಕಿ ಉಜ್ಜಿ, ಚೆನ್ನಾಗಿ ತೊಳೆದು, ಕೆಲವು ದಿನ ಬಿಸಿಲು-ಗಾಳಿಗೆ ಒಡ್ಡಿ ಅನಂತರ ಬಳಸಬೇಕು. ಎರಡನೆಯದಾಗಿ, ಕತ್ತರಿಸಿದ ತಂತಿಯ ಮೊನೆಗಳು ಒಳಮುಖವಾಗಿ ಉಳಿಯದಂತೆ ಅರದಿಂದ ಉಜ್ಜಿಸಬೇಕು. ಕೈಬೆರಳನ್ನು ಒಳಗಡೆ ಸುತ್ತಲೂ ಆಡಿಸಿ ನೋಡಿ. ನಮಗೆ ಚುಚ್ಚಿದ್ದು ಹಕ್ಕಿಗೂ ಚುಚ್ಚುತ್ತದೆ.

ಒಳಗಿನ ಸಂಸಾರ

ಪಂಜರದೊಳಗಿನ ಮುಖ್ಯ ವಸ್ತು ಹಕ್ಕಿ ಕೂರುವ ಕೋಲು. ಹಕ್ಕಿ ನಿದ್ರೆಯಲ್ಲೂ ನಿಂತೇ ಇರುತ್ತದೆ. ಅದರ ಇಡೀ ಬಾಳು ಆ ಕೋಲಿನ ಮೇಲೆ. ಅಂಗಡಿಯಿಂದ ಬರುವ ಪ್ಲಾಸ್ಟಿಕ್ಕಿನ ಕೋಲುಗಳೆಲ್ಲ ಒಂದೇ ದಪ್ಪ, ಒಂದೇ ನುಣುಪು. ಅಂಗಾಲಿನ ಒಂದೇ ಜಾಗದ ಮೇಲೆ ಸದಾ ಭಾರ ಬಿದ್ದು ಹುಣ್ಣಾಗುತ್ತದೆ. ಸೀಬೆ, ಬೇವು, ಹಿಪ್ಪುನೇರಳೆ ಮರಗಳ ಕೊಂಬೆಗಳು ನಮ್ಮಲ್ಲಿ ಹೇರಳವಾಗಿ ಸಿಗುತ್ತವೆ. ಕಿರುಬೆರಳಿನಿಂದ ಹೆಬ್ಬೆರಳಿನವರೆಗಿನ ಬೇರೆಬೇರೆ ದಪ್ಪದ ಕೊಂಬೆಗಳನ್ನು ತೊಗಟೆಯ ಸಮೇತ ತೊಳೆದು, ಒಣಗಿಸಿ, ಬೇರೆಬೇರೆ ಎತ್ತರಗಳಲ್ಲಿ ಕಟ್ಟಿ. ತೊಗಟೆಯನ್ನು ಸುಲಿಯುವುದೇ ಅವಕ್ಕೊಂದು ಕೆಲಸ, ಒಂದು ಆಟ. ರೇಷ್ಮೆತೋಟದ ಕೊಂಬೆಯಾದರೆ ಔಷಧಿ ಸಿಂಪಡಿಸಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕಣಗಿಲೆ, ಎಕ್ಕಗಳು ವಿಷ. ಅವುಗಳ ಹತ್ತಿರವೂ ಸುಳಿಯಬೇಡಿ. ಕೋಲುಗಳನ್ನು ಎರಡು ತುದಿಗಳಲ್ಲಿ ಕಟ್ಟಿ ನಡುವೆ ಹಾರಲು ಬಯಲು ಬಿಡಬೇಕು. ಪಂಜರದ ತುಂಬ ಸಾಮಾನು ತುಂಬಿದರೆ ಉದ್ದ ಪಂಜರ ತಂದದ್ದೂ ವ್ಯರ್ಥ.

ಕಾಳಿನ ಬಟ್ಟಲು, ನೀರಿನ ಬಟ್ಟಲು, ಸೊಪ್ಪಿನ ಬಟ್ಟಲು ಹೀಗೆ ಮೂರು ಬೇಕು. ಪಿಂಗಾಣಿಯದೋ ಸ್ಟೀಲಿನದೋ ಆದರೆ ತೊಳೆಯಲು ಸುಲಭ. ಕೂರುವ ಕೋಲಿನ ನೇರ ಕೆಳಗೆ ಬಟ್ಟಲು ಇಟ್ಟರೆ ಹಿಕ್ಕೆ ಅದರಲ್ಲೇ ಬೀಳುತ್ತದೆ. ಸ್ವಲ್ಪ ಬದಿಗೆ ಇಡಬೇಕು. ಸುಣ್ಣದಂಶಕ್ಕಾಗಿ ಸಮುದ್ರದ ನೊರೆಯ ತುಂಡೊಂದನ್ನು ಕಂಬಿಗೆ ಕಟ್ಟಿ. ಗ್ರಂಧಿಗೆ ಅಂಗಡಿಗಳಲ್ಲಿ ಅದು ದೊರೆಯುತ್ತದೆ. ಕೊಕ್ಕು ಮಸೆಯಲೂ ಅದೇ ಸಾಕು. ತೆಂಗಿನ ಚಿಪ್ಪಿನ ಒಂದು ಜೋಕಾಲಿ, ಸಣ್ಣದೊಂದು ಗಂಟೆ ಆಟಕ್ಕೆ ಇರಲಿ. ಉದ್ದ ನೂಲಿನ ಎಳೆಗಳು ಕಾಲಿಗೆ ಸುತ್ತಿಕೊಳ್ಳುವುದರಿಂದ ಅವು ಬೇಡ.

ಹಲವರು ಪಂಜರ ತಂದ ದಿನವೇ ಒಂದು ಮಣ್ಣಿನ ಗಡಿಗೆಯನ್ನೂ ತೂಗುಹಾಕುತ್ತಾರೆ. ಗಡಿಗೆ ಇವುಗಳಿಗೆ ಮಲಗುವ ಮನೆಯಲ್ಲ, ಹೆರಿಗೆಯ ಮನೆ. ಗಡಿಗೆ ಕಂಡೊಡನೆ ಜೋಡಿ ಮೊಟ್ಟೆಯಿಡಲು ತೊಡಗುತ್ತದೆ. ಬಿಡುವಿಲ್ಲದೆ ಮೊಟ್ಟೆಯಿಟ್ಟು ಹೆಣ್ಣುಹಕ್ಕಿ ಸೊರಗುತ್ತದೆ, ಮೊಟ್ಟೆ ಸಿಕ್ಕಿಕೊಂಡು ಸಾಯುವುದೂ ಉಂಟು. ಹುಟ್ಟುವ ಮರಿಗಳಿಗೆಲ್ಲ ಮನೆ ಒದಗಿಸಬಲ್ಲೆವೇ ಎಂದು ಯೋಚಿಸದೆ ಗಡಿಗೆ ಇಡಬಾರದು. ಬೆಳೆದ ಹಕ್ಕಿಗಳಲ್ಲಿ ಕೊಕ್ಕಿನ ಮೇಲಿನ ಮೂಗಿನ ಭಾಗ ಸಾಮಾನ್ಯವಾಗಿ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಇದನ್ನು ನೋಡಿ ಎರಡು ಗಂಡುಗಳನ್ನೇ ಆರಿಸಿಕೊಂಡರೆ ಈ ಚಿಂತೆಯೇ ಇರದು; ಅವು ಅನ್ಯೋನ್ಯವಾಗಿಯೇ ಇರುತ್ತವೆ.

ಎಲ್ಲಿಡಬೇಕು?

ಇದು ನನ್ನ ಬಾಳಿನಲ್ಲಿ ಅತ್ಯಂತ ನೋವಿನಿಂದ ಕಲಿತ ಪಾಠವಾದುದರಿಂದ ಸ್ವಲ್ಪ ಒತ್ತಿ ಹೇಳುತ್ತೇನೆ. ಪಾವಗಡ, ಮಧುಗಿರಿ, ಶಿರಾ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬಡ್ಜೆರಿಗಾರ್ ಒಣನಾಡಿನ ಹಕ್ಕಿ, ಬಿಸಿಲನ್ನು ತಾಳಬಲ್ಲದು ಎಂಬುದು ನಿಜ. ಆದರೆ ಅಲ್ಲಿ ಅದು ಮರದ ನೆರಳಿಗೆ, ನೀರಿನ ಹೊಂಡಕ್ಕೆ ಹಾರಿಹೋಗಬಲ್ಲದು. ಪಂಜರದಲ್ಲಿ ನಾವು ಇಟ್ಟ ಕಡೆಯೇ ಅದರ ಲೋಕ. ನೇರ ಬಿಸಿಲು ಬೀಳುವ ಕಿಟಕಿ, ತಗಡಿನ ಮಾಡಿನ ಕೆಳಗಿನ ಜಾಗ, ಮುಚ್ಚಿದ ಮಹಡಿಕೋಣೆ ಇವು ಸಲ್ಲವು. ಬೆಳಕೂ ಗಾಳಿಯೂ ಇರುವ, ಒಂದು ಬದಿಗೆ ಗೋಡೆಯ ಆಸರೆಯಿರುವ ನಡುಮನೆಯ ಮೂಲೆ ಒಳ್ಳೆಯದು. ನಮ್ಮ ಎದೆಯ ಎತ್ತರಕ್ಕೆ ಇದ್ದರೆ ಹಕ್ಕಿಗೆ ಧೈರ್ಯ. ಬಿರುಬೇಸಿಗೆಯಲ್ಲಿ ಹತ್ತಿರದ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಮಧ್ಯಾಹ್ನ ಅಗಲವಾದ ತಟ್ಟೆಯಲ್ಲಿ ಒಂದು ಅಂಗುಲ ನೀರಿಡಿ, ಸಂತೋಷದಿಂದ ಮೀಯುತ್ತವೆ. ಕೊಕ್ಕು ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಕುಳಿತಿದ್ದರೆ ಅದು ಬಿಸಿಲಿನ ಬೇಗೆಯ ಲಕ್ಷಣ. ತಡಮಾಡದೆ ತಂಪಿನ ಕಡೆಗೆ ಸಾಗಿಸಿ ನೀರು ಕೊಡಬೇಕು.

ಅಡುಗೆಮನೆ ಪಂಜರಕ್ಕೆ ತಕ್ಕ ಸ್ಥಳವಲ್ಲ. ಒಗ್ಗರಣೆಯ ಹೊಗೆ ನಮಗೇ ಕೆಮ್ಮು ಬರಿಸುತ್ತದೆ. ಹಕ್ಕಿಯ ಶ್ವಾಸಕೋಶ ಅದಕ್ಕಿಂತ ಬಹಳ ಸೂಕ್ಷ್ಮ. ನಾನ್‌ಸ್ಟಿಕ್ ಕಾವಲಿ ಅತಿಯಾಗಿ ಕಾದಾಗ ಹೊಮ್ಮುವ ಅನಿಲವಂತೂ ಕೆಲವೇ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಊದುಬತ್ತಿ, ಸೊಳ್ಳೆಬತ್ತಿಗಳ ಹೊಗೆಯಿಂದಲೂ ದೂರವಿಡಿ. ಬೆಕ್ಕು, ಹಾವು, ಇರುವೆ ಈ ಮೂರರ ಭಯವೂ ನಮ್ಮ ಮನೆಗಳಲ್ಲಿ ಉಂಟು. ರಾತ್ರಿ ಪಂಜರವನ್ನು ಜಗಲಿಯಲ್ಲಿ ಬಿಡಬಾರದು. ಮೇಜಿನ ಮೇಲಿದ್ದರೆ ಅದರ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟರೆ ಇರುವೆ ಹತ್ತದು. ಸಂಜೆ ಕತ್ತಲಾದ ಮೇಲೆ ಮೂರು ಬದಿಗೆ ತೆಳುವಾದ ಹತ್ತಿಯ ಬಟ್ಟೆ ಹೊದಿಸಿ; ಹತ್ತು-ಹನ್ನೆರಡು ಗಂಟೆಗಳ ನಿದ್ರೆ ಅವಕ್ಕೆ ಬೇಕು. ದೂರದರ್ಶನದ ಗದ್ದಲದ ಪಕ್ಕದಲ್ಲಿ ಆ ನಿದ್ರೆ ಸಿಗದು.

ಆಹಾರ, ನೀರು

ಈ ಹಕ್ಕಿಯ ಆಹಾರಕ್ಕೆ ನಮ್ಮ ಸೀಮೆಯವರು ಪೇಟೆಗೆ ಓಡಬೇಕಾಗಿಲ್ಲ. ನವಣೆಯೇ ಇವುಗಳ ಮುಖ್ಯ ಆಹಾರ. ಜೊತೆಗೆ ಸಾಮೆ, ಸಜ್ಜೆ. ತೆನೆಯನ್ನೇ ಪಂಜರಕ್ಕೆ ಕಟ್ಟಿದರೆ ತೂಗಾಡುತ್ತ ಬಿಡಿಸಿ ತಿನ್ನುವ ಚೆಂದವನ್ನು ಮಕ್ಕಳು ನೋಡುತ್ತ ಕೂರಬಹುದು. ಆದರೆ ಬರೀ ಕಾಳು ಸಾಲದು. ಕೊತ್ತಂಬರಿ, ದಂಟು, ನುಗ್ಗೆ ಸೊಪ್ಪುಗಳನ್ನು ಚೆನ್ನಾಗಿ ತೊಳೆದು ದಿನವೂ ಸ್ವಲ್ಪ ಕೊಡಬೇಕು; ಕ್ಯಾರೆಟ್ ತುರಿಯೂ ಒಳ್ಳೆಯದು. ಉಪ್ಪು, ಎಣ್ಣೆಯ ತಿಂಡಿ, ಚಾಕೊಲೇಟ್, ಕಾಫಿ, ಬೆಣ್ಣೆಹಣ್ಣು ಇವು ವಿಷಕ್ಕೆ ಸಮಾನ.

ಒಂದು ಸಣ್ಣ ಅಜಾಗರೂಕತೆಯಿಂದ ಹಕ್ಕಿಗಳು ಹಸಿವಿನಿಂದ ಸತ್ತದ್ದುಂಟು. ಇವು ಕಾಳಿನ ತಿರುಳನ್ನು ತಿಂದು ಹೊಟ್ಟನ್ನು ಬಟ್ಟಲಿನಲ್ಲೇ ಉಳಿಸುತ್ತವೆ. ನೋಡುವವರಿಗೆ ಬಟ್ಟಲು ತುಂಬಿದಂತೆ ಕಾಣುತ್ತದೆ. ಒಳಗೆ ಒಂದು ಕಾಳೂ ಇರುವುದಿಲ್ಲ. ಆದುದರಿಂದ ದಿನವೂ ಬೆಳಿಗ್ಗೆ ಹೊಟ್ಟನ್ನು ಊದಿ, ಮೊರದಲ್ಲಿ ಕೇರಿದಂತೆ ಕೇರಿ, ಹೊಸ ಕಾಳು ಹಾಕಬೇಕು.

ನೀರಿನ ವಿಷಯದಲ್ಲಿ ನಮ್ಮವರಿಗೆ ಬುದ್ಧಿ ಹೇಳಬೇಕಾಗಿಲ್ಲ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡಿನಿಂದ ಹಲ್ಲು, ಮೂಳೆಗಳನ್ನು ಕಳೆದುಕೊಂಡವರ ಸಂಕಟ ಎಲ್ಲರಿಗೂ ಗೊತ್ತು. ಮನೆಮಂದಿ ಕುಡಿಯುವ ಶುದ್ಧ ನೀರನ್ನೇ ಹಕ್ಕಿಗೂ ಇಡಿ. ದಿನಕ್ಕೆ ಎರಡು ಸಲ ಬದಲಿಸಿ. ಅದು ಕುಡಿಯುವುದು ಬಹಳ ಸ್ವಲ್ಪ.

ಶುಚಿತ್ವ, ಆರೋಗ್ಯ

ತಳದ ತಟ್ಟೆಗೆ ಹಳೆಯ ವೃತ್ತಪತ್ರಿಕೆ ಹಾಸಿ ದಿನವೂ ಬದಲಿಸಬೇಕು. ಒಣಗಿದ ಹಿಕ್ಕೆಯ ಧೂಳು ಉಸಿರಿನೊಡನೆ ಒಳಗೆ ಹೋದರೆ ಮನುಷ್ಯರಿಗೂ ಗಿಳಿಜ್ವರ ಬರಬಹುದು. ಆದ್ದರಿಂದ ಕಾಗದವನ್ನು ಮೊದಲು ನೀರು ಚಿಮುಕಿಸಿ ಒದ್ದೆಮಾಡಿ, ಮಡಚಿ ತೆಗೆದು, ಕೈಗಳನ್ನು ಸೋಪಿನಿಂದ ತೊಳೆಯುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು. ವಾರಕ್ಕೊಮ್ಮೆ ಪಂಜರವನ್ನು ಬಿಸಿನೀರಿನಿಂದ ತೊಳೆದು ಒಣಗಿಸಬೇಕು.

ಹೊಸ ಹಕ್ಕಿಗಳು ಬಂದ ಮೊದಲ ವಾರ ಅವನ್ನು ಮುಟ್ಟದೆ, ಗದ್ದಲ ಮಾಡದೆ ಬಿಡಿ. ಆಮೇಲೆ ದಿನಕ್ಕೊಮ್ಮೆ ಕೋಣೆಯೊಳಗೆ ಹಾರಲು ಬಿಡಬಹುದು. ಬಿಡುವ ಮುನ್ನ ಕಿಟಕಿ-ಬಾಗಿಲು ಮುಚ್ಚಿ, ಕನ್ನಡಿಗೆ ಬಟ್ಟೆ ಹಾಕಿ, ಎಲ್ಲಕ್ಕಿಂತ ಮುಖ್ಯವಾಗಿ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಅದು ಪೂರ್ತಿ ನಿಂತಿತೆಂದು ನೋಡಿಕೊಳ್ಳಿ. ಗರಿ ಉಬ್ಬಿಸಿ ಒಂದೆಡೆ ಮಂಕಾಗಿ ಕೂರುವುದು, ಉಸಿರಾಡುವಾಗ ಬಾಲ ಮೇಲೆಕೆಳಗೆ ಆಡುವುದು, ಹಿಕ್ಕೆ ನೀರಾಗುವುದು ಇವು ಕಾಯಿಲೆಯ ಚಿಹ್ನೆಗಳು. ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮರೆಮಾಚುತ್ತದೆ. ನಮಗೆ ಕಂಡಿತೆಂದರೆ ಆಗಲೇ ತಡವಾಗಿದೆಯೆಂದು ತಿಳಿದು ಅಂದೇ ಪಶು ಆಸ್ಪತ್ರೆಗೆ ಒಯ್ಯಬೇಕು. ಕಠಿಣ ಕಾಯಿಲೆಯಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ.

ಮೊಮ್ಮಗನ ತೀರ್ಮಾನ

ಹೇಳಿದಂತೆ ಮುಂದಿನ ವಾರ ಶಿರಾಕ್ಕೆ ಹೋದೆ. ಮೊದಲ ದಿನ ಮೊಮ್ಮಗನನ್ನು ಅದೇ ತಾಲ್ಲೂಕಿನ ಕಗ್ಗಲಡುವಿಗೆ ಕರೆದೊಯ್ದೆ. ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿಮಾಡುವ ಊರು ಅದು. ಹಿಕ್ಕೆಯ ವಾಸನೆಯನ್ನೂ, ನಸುಕಿನ ಗದ್ದಲವನ್ನೂ ಸಹಿಸಿಕೊಂಡು ಊರವರು ಅವುಗಳನ್ನು ಕಾಯುತ್ತಾರೆ. ಒಂದೂ ಪಂಜರವಿಲ್ಲ. ಮೊಮ್ಮಗ ಬಹಳ ಹೊತ್ತು ಕತ್ತೆತ್ತಿ ನೋಡುತ್ತಿದ್ದ. ಅಂದು ರಾತ್ರಿ ನಾನು ಅವನಿಗೆ ಆ ಹೊಂಗೆಮರದ ಗಿಳಿಯ ಕಥೆಯನ್ನು ಹೇಳಿದೆ. ಮರೆತವಳು ನಾನೇ ಎಂಬುದನ್ನೂ ಮುಚ್ಚಿಡಲಿಲ್ಲ. ಅವನು ಸುಮ್ಮನೆ ಕೇಳಿದ. ಸ್ವಲ್ಪ ಹೊತ್ತಿನ ಮೇಲೆ, "ಹಸಿರು ಗಿಣಿ ಬೇಡ ಅಜ್ಜಿ" ಎಂದ.

ಮರುದಿನ ಬಡ್ಜೆರಿಗಾರ್ ವಿಷಯ ತಿಳಿಸಿ ಅವನ ಕೈಗೆ ಒಂದು ಪುಸ್ತಕವನ್ನು ಕೊಟ್ಟೆ. ಬೆಳಿಗ್ಗೆ ಕಾಗದ ಬದಲಿಸುವುದು, ಹೊಟ್ಟು ಊದುವುದು, ಎರಡು ಸಲ ನೀರು, ಸಂಜೆ ಬಟ್ಟೆ ಹೊದಿಸುವುದು ಎಂದು ನಾಲ್ಕು ಸಾಲು ಬರೆಸಿದೆ. ಒಂದು ತಿಂಗಳು, ಹಕ್ಕಿಯಿಲ್ಲದೆಯೇ, ಆ ಹೊತ್ತುಗಳಲ್ಲಿ ಅಂಗಳದಲ್ಲಿ ಮಣ್ಣಿನ ತಟ್ಟೆಗೆ ನೀರು, ಪಕ್ಕದಲ್ಲಿ ಒಂದು ಹಿಡಿ ನವಣೆ ಇಟ್ಟು ಗುರುತು ಹಾಕಬೇಕು; ಒಂದು ದಿನವೂ ತಪ್ಪದಿದ್ದರೆ ಪಂಜರ ಮಾಡಿಸಿಕೊಡುವೆನೆಂದು ಮಾತು ಕೊಟ್ಟೆ. ಪ್ರವಾಸ ಹೋದಾಗ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನೂ ಅವನ ಅಮ್ಮನೊಡನೆ ಕುಳಿತು ಬಗೆಹರಿಸಿಕೊಂಡೆವು. ಹೊಣೆ ಮಗುವಿನದಾದರೂ ಮೇಲ್ವಿಚಾರಣೆ ಹಿರಿಯರದೇ. ಒಂಬತ್ತು ವರ್ಷದ ಹುಡುಗಿಯ ನೆನಪಿನ ಮೇಲೆ ಒಂದು ಜೀವವನ್ನು ಬಿಡಬಾರದೆಂಬುದನ್ನು ನನಗಿಂತ ಬಲ್ಲವರು ಯಾರು?

ತಿಂಗಳು ತುಂಬಿದಾಗ ಸೊಸೆ ದೂರವಾಣಿ ಮಾಡಿದಳು. ಪುಸ್ತಕದಲ್ಲಿ ಎರಡು ದಿನ ಖಾಲಿ ಇತ್ತಂತೆ; ತಾನೇ ಅದನ್ನು ತೋರಿಸಿ, "ಇನ್ನೊಂದು ತಿಂಗಳು ಮಾಡ್ತೀನಿ" ಎಂದನಂತೆ. ನೀರಿನ ತಟ್ಟೆಗೆ ಈಗ ಗುಬ್ಬಿ, ಮೈನಾ, ಅಳಿಲುಗಳ ಜೊತೆಗೆ ಒಂದು ಜೋಡಿ ಹಸಿರು ಗಿಳಿಯೂ ಬರತೊಡಗಿದೆಯೆಂದೂ, ಹುಡುಗ ಕಿಟಕಿಯ ಮರೆಯಲ್ಲಿ ಉಸಿರು ಬಿಗಿಹಿಡಿದು ನೋಡುತ್ತಾನೆಂದೂ ಹೇಳಿದಳು. ವೆಲ್ಡಿಂಗ್ ಅಂಗಡಿಯವರಿಗೆ ಅಳತೆ ಕೊಟ್ಟಿದ್ದೇನೆ. ಎರಡನೆಯ ತಿಂಗಳ ಪುಸ್ತಕ ತುಂಬಿದ ದಿನ ಪಂಜರ ಮನೆಗೆ ಬರುತ್ತದೆ.